ಎರಡು ಚೀಟಿ, ಎರಡು ಪೆಟ್ಟಿಗೆ

ಡಾ. ಭೀಮರಾವ ರಾಮಜಿ ಅಂಬೇಡಕರರ ಜೀವನವನ್ನು ಬರೆದವರು ಅನೇಕರು. ಅವರ ವಿದ್ವತ್ತು, ಮಹಾಡದ ಕೆರೆಯ ಸತ್ಯಾಗ್ರಹ, ಸಂವಿಧಾನ ರಚನೆ, ನಾಗಪುರದ ದೀಕ್ಷೆ, ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ನಾನು ಇಲ್ಲಿ ಹಿಡಿಯಹೊರಟಿರುವುದು ಆ ಜೀವನದ ಇನ್ನೊಂದು ಎಳೆಯನ್ನು: ಮತದಾರರ ಮುಂದೆ ನಿಂತ ಅಂಬೇಡಕರರನ್ನು. ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು ಆ ಸಂವಿಧಾನದ ಪ್ರಕಾರ ನಡೆದ ಮೊದಲನೆಯ ಮಹಾಚುನಾವಣೆಯಲ್ಲಿಯೇ ಸೋತರೆಂಬುದನ್ನು ಎಲ್ಲರೂ ಬಲ್ಲರು. ಎಂಥ ಕ್ಷೇತ್ರದಲ್ಲಿ, ಎಂಥ ಮತದಾನ ಪದ್ಧತಿಯಲ್ಲಿ ಸೋತರೆಂಬುದನ್ನು ಬಲ್ಲವರು ವಿರಳ. ಗೆದ್ದವರ ಮತಗಳ ಸಂಖ್ಯೆಯನ್ನು ನಾವು ನೆನಪಿಡುತ್ತೇವೆ. ಆ ಮತಗಳನ್ನು ಹಾಕುವ ಕ್ರಮ ಯಾವುದಿತ್ತೆಂದು ಕೇಳುವುದನ್ನು ಮರೆಯುತ್ತೇವೆ. ಅಂಬೇಡಕರರ ಮಟ್ಟಿಗೆ ಆ ಕ್ರಮವೇ ದೊಡ್ಡ ಮಾತಾಗಿತ್ತು.

ಬೆಳಗಾವಿಯವನಾದ ನನಗೆ ಈ ವಿಷಯ ದೂರದ್ದೆನಿಸುವುದಿಲ್ಲ. ಕೋಟೆಯ ಕಂದಕದಿಂದ ಖಾನಾಪುರದ ಕಾಡಿನ ಅಂಚಿನವರೆಗೆ ನಮ್ಮ ಸೀಮೆಯೆಲ್ಲ ೧೯೫೬ರ ಅಕ್ಟೋಬರ್ ಕೊನೆಯವರೆಗೂ ಮುಂಬಯಿಗೆ ಸೇರಿತ್ತು. ಪರೇಲಿನ ಗಿರಣಿ ಕಾರ್ಮಿಕನಿಗೆ ಅನ್ವಯಿಸಿದ ಚುನಾವಣಾ ನಿಯಮಗಳೇ ನಮ್ಮ ರೈತನಿಗೂ ಅನ್ವಯಿಸುತ್ತಿದ್ದವು. ಅಂಬೇಡಕರರ ಪಕ್ಷ ನಮ್ಮ ಜಿಲ್ಲೆಯಲ್ಲಿ ಬೇರುಬಿಟ್ಟದ್ದೂ ಆ ಸಂಬಂಧದಿಂದಲೇ.

ಅಂಬೇಡಕರರು ೧೮೯೧ನೆಯ ಇಸವಿ ಏಪ್ರಿಲ್ ೧೪ರಂದು ಮಹೂ ಎಂಬ ದಂಡಿನ ಊರಿನಲ್ಲಿ ಹುಟ್ಟಿದರು. ತಂದೆ ರಾಮಜಿ ಸಕಪಾಳರು ಸೇನೆಯಲ್ಲಿ ಸುಭೇದಾರರು, ತಾಯಿ ಭೀಮಾಬಾಯಿ. ಸಾತಾರೆಯಲ್ಲಿಯೂ ಆಮೇಲೆ ಮುಂಬಯಿಯಲ್ಲಿಯೂ ಓದು ಸಾಗಿ, ೧೯೧೨ರಲ್ಲಿ ಬಿ.ಎ. ಪದವಿ ದೊರೆಯಿತು. ಬಡೋದೆಯ ಮಹಾರಾಜ ಸಯಾಜಿರಾವ ಗಾಯಕವಾಡರ ನೆರವಿನಿಂದ ೧೯೧೩ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ಲಂಡನ್ನಿನಲ್ಲಿ ಅರ್ಥಶಾಸ್ತ್ರದ ಅಧ್ಯಯನವನ್ನೂ ಬ್ಯಾರಿಸ್ಟರ್ ಪದವಿಯನ್ನೂ ಮುಗಿಸಿ ಬಂದರು. ಇಷ್ಟು ಓದಿದವರಿಗೆ ಬಡೋದೆಯ ಕಚೇರಿಯಲ್ಲಿ ಕುಡಿಯುವ ನೀರು ಸಿಗಲಿಲ್ಲ, ಊರಿನಲ್ಲಿ ಬಾಡಿಗೆಯ ಕೋಣೆ ದಕ್ಕಲಿಲ್ಲ.

ಮತದ ವಿಷಯಕ್ಕೆ ಅವರು ಕೈಹಾಕಿದ್ದು ಬಹಳ ಬೇಗ. ೧೯೧೯ರ ಜನವರಿಯಲ್ಲಿ, ಇನ್ನೂ ಇಪ್ಪತ್ತೇಳು ವರುಷದವರಾಗಿದ್ದಾಗ, ಮತಾಧಿಕಾರವನ್ನು ಕುರಿತು ವಿಚಾರಿಸುತ್ತಿದ್ದ ಸೌತ್‌ಬರೋ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಬರಿಯ ನೆಲದ ಗಡಿ ಹಾಕಿ ಕ್ಷೇತ್ರಗಳನ್ನು ಮಾಡಿದರೆ, ಎಲ್ಲ ಊರುಗಳಲ್ಲಿ ಚದುರಿ ಎಲ್ಲಿಯೂ ಬಹುಸಂಖ್ಯಾತರಾಗದ ಜನರಿಗೆ ಪ್ರತಿನಿಧಿಯೇ ಇಲ್ಲದಂತಾಗುವುದೆಂಬುದು ಅವರ ವಾದದ ತಿರುಳು. ಊರಿಗೊಂದು ಕೇರಿಯಾಗಿ ಬದುಕುವವರ ಸ್ಥಿತಿಯನ್ನು ರಾಜ್ಯಶಾಸ್ತ್ರದ ಭಾಷೆಯಲ್ಲಿ ಇಷ್ಟು ಸ್ಪಷ್ಟವಾಗಿ ಮುಂದಿಟ್ಟವರು ಅದಕ್ಕೆ ಮೊದಲು ಹೆಚ್ಚು ಜನರಿರಲಿಲ್ಲ. ಮುಂದಿನ ಮೂವತ್ತೇಳು ವರುಷ ಅವರು ನಡೆಸಿದ ರಾಜಕಾರಣವೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿದಂತೆ ನನಗೆ ಕಾಣುತ್ತದೆ.

೧೯೨೪ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆ ಹುಟ್ಟಿತು. ಮರುವರುಷ ಏಪ್ರಿಲಿನಲ್ಲಿ ಮುಂಬಯಿ ಪ್ರಾಂತೀಯ ಬಹಿಷ್ಕೃತ ಪರಿಷತ್ತು ಕೂಡಿದ್ದು ನಮ್ಮ ಜಿಲ್ಲೆಯ ನಿಪ್ಪಾಣಿಯಲ್ಲಿ. ಅಂಬೇಡಕರರು ಅಲ್ಲಿಗೆ ಬಂದು ಮಾತನಾಡಿದರು. ೧೯೨೭ರ ಮಾರ್ಚಿಯಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಿದರು. ಅದೇ ಕಾಲಕ್ಕೆ ಮುಂಬಯಿ ವಿಧಾನ ಪರಿಷತ್ತಿಗೆ ಸರಕಾರ ಅವರನ್ನು ನಾಮಕರಣ ಮಾಡಿತು. ಜನರಿಂದ ಆರಿಸಿ ಬರುವ ಹಾದಿ ಅವರಂಥವರಿಗೆ ಆಗ ತೆರೆದಿರಲಿಲ್ಲ.

ಆ ಹಾದಿ ತೆರೆದುದು ೧೯೩೨ರ ಗೊಂದಲದ ನಡುವೆ. ಆಗಸ್ಟಿನಲ್ಲಿ ಬ್ರಿಟಿಷ್ ಸರಕಾರ ಸಾರಿದ ಕೋಮುವಾರು ತೀರ್ಪು ಅಸ್ಪೃಶ್ಯರೆನಿಸಿಕೊಂಡವರಿಗೆ ಪ್ರತ್ಯೇಕ ಮತದಾರರ ಗುಂಪನ್ನು ಕೊಟ್ಟಿತು. ಅವರ ಪ್ರತಿನಿಧಿಯನ್ನು ಅವರೇ ಆರಿಸಬಹುದಾಗಿತ್ತು. ಗಾಂಧೀಜಿಯವರು ಯರವಡಾ ಸೆರೆಮನೆಯಲ್ಲಿ ಉಪವಾಸ ಹೂಡಿದರು. ಸೆಪ್ಟೆಂಬರ್ ೨೪ರಂದು ಪುಣೆ ಒಪ್ಪಂದಕ್ಕೆ ಸಹಿ ಬಿತ್ತು. ಪ್ರಾಂತಗಳ ಶಾಸನಸಭೆಗಳಲ್ಲಿ ೭೧ ಇದ್ದ ಸ್ಥಾನಗಳು ೧೪೮ಕ್ಕೆ ಏರಿದವು. ಆದರೆ ಮತದಾರರ ಗುಂಪು ಒಂದೇ ಆಯಿತು. ಮೀಸಲು ಸ್ಥಾನಕ್ಕೆ ನಿಲ್ಲುವ ನಾಲ್ವರನ್ನು ಮೊದಲು ಆ ಜನರೇ ಆರಿಸಬೇಕು, ಆಮೇಲೆ ಎಲ್ಲರೂ ಕೂಡಿ ಅವರಲ್ಲೊಬ್ಬನಿಗೆ ಮತ ಕೊಡಬೇಕು ಎಂಬ ಎರಡು ಹಂತದ ಏರ್ಪಾಡು ಹತ್ತು ವರುಷದ ಅವಧಿಗೆ ಮಾತ್ರ ಒಪ್ಪಿತವಾಯಿತು. ಸಂಖ್ಯೆಯಲ್ಲಿ ಅಂಬೇಡಕರರು ಗೆದ್ದಿದ್ದರು. ಆರಿಸುವ ಅಧಿಕಾರ ಯಾರ ಕೈಯಲ್ಲಿ ಉಳಿಯಿತೆಂಬ ಸಂಶಯ ಮಾತ್ರ ಅವರನ್ನು ಕೊನೆಯವರೆಗೆ ಬಿಡಲಿಲ್ಲ.

ಮೀಸಲು ಸ್ಥಾನವೊಂದನ್ನು ಬೇರೆಯ ಕ್ಷೇತ್ರವಾಗಿ ಕಡಿಯದೆ, ಸಾಮಾನ್ಯ ಸ್ಥಾನದೊಡನೆ ಒಂದೇ ಕ್ಷೇತ್ರದಲ್ಲಿ ಜೋಡಿಸುವ ಪದ್ಧತಿ ಹೀಗೆ ನೆಲೆಯೂರಿತು. ಒಂದು ಕ್ಷೇತ್ರಕ್ಕೆ ಇಬ್ಬರು ಅಥವಾ ಮೂವರು ಸದಸ್ಯರು. ಮತದಾರನಿಗೆ ಸ್ಥಾನಗಳೆಷ್ಟೋ ಅಷ್ಟು ಮತಗಳು. ಈ ಮತಗಳನ್ನು ಹೇಗೆ ಹಾಕಬೇಕು? ಎರಡನ್ನೂ ಒಬ್ಬನಿಗೇ ಕೊಡಬಹುದೆಂಬುದು ಒಂದು ಪದ್ಧತಿ. ಇದನ್ನು ಸಂಚಿತ ಮತದಾನವೆನ್ನೋಣ. ಒಬ್ಬನಿಗೆ ಒಂದೇ ಮತ ಕೊಡಬೇಕು, ಇನ್ನೊಂದನ್ನು ಬೇರೊಬ್ಬನಿಗೇ ಹಾಕಬೇಕು ಎಂಬುದು ಇನ್ನೊಂದು. ಇದು ಹಂಚಿಕೆಯ ಮತದಾನ.

ಹೊರನೋಟಕ್ಕೆ ಈ ಭೇದ ಕ್ಷುಲ್ಲಕವೆನಿಸಬಹುದು. ಲೆಕ್ಕ ಹಾಕಿ ನೋಡಿದರೆ ಹಾಗಲ್ಲ. ಮುನ್ನೂರು ಮತದಾರರಿರುವ ಒಂದು ಊರನ್ನು ಊಹಿಸಿಕೊಳ್ಳೋಣ; ಸ್ಥಾನಗಳು ಎರಡು, ಅವುಗಳಲ್ಲೊಂದು ಮೀಸಲು. ನೂರ ಇಪ್ಪತ್ತು ಜನ ಕೇರಿಯವರು ಮೀಸಲು ಸ್ಥಾನಕ್ಕೆ ತಮಗೆ ಬೇಕಾದವನನ್ನು ನಿಲ್ಲಿಸಿದ್ದಾರೆ. ಉಳಿದ ನೂರ ಎಂಬತ್ತು ಜನ ಸಾಮಾನ್ಯ ಸ್ಥಾನಕ್ಕೊಬ್ಬನನ್ನೂ ಮೀಸಲು ಸ್ಥಾನಕ್ಕೆ ತಮಗೆ ಒಪ್ಪಿಗೆಯಾದ ಇನ್ನೊಬ್ಬನನ್ನೂ ಬೆಂಬಲಿಸುತ್ತಾರೆ. ಸಂಚಿತ ಪದ್ಧತಿಯಲ್ಲಿ ಕೇರಿಯವರ ಎರಡೆರಡು ಮತಗಳು ಕೂಡಿ ಅವರ ಅಭ್ಯರ್ಥಿಗೆ ಇನ್ನೂರ ನಲವತ್ತು ಬೀಳುತ್ತವೆ. ಎದುರಾಳಿಗೆ ನೂರ ಎಂಬತ್ತು. ಹಂಚಿಕೆಯ ಪದ್ಧತಿಯಲ್ಲಿ ಕೇರಿಯವರ ಅಭ್ಯರ್ಥಿಗೆ ನೂರ ಇಪ್ಪತ್ತಕ್ಕಿಂತ ಹೆಚ್ಚು ಬರುವ ದಾರಿಯೇ ಇಲ್ಲ; ಎದುರಾಳಿ ನೂರ ಎಂಬತ್ತರಿಂದ ಗೆಲ್ಲುತ್ತಾನೆ. ಊರೂ ಅದೇ, ಜನರೂ ಅವರೇ, ಅವರ ಮನಸ್ಸೂ ಅದೇ. ನಿಯಮದ ಒಂದು ವಾಕ್ಯ ಬದಲಾದರೆ ಶಾಸನಸಭೆಯಲ್ಲಿ ಕೂಡುವವನು ಬದಲಾಗುತ್ತಾನೆ.

೧೯೩೭ರ ಚುನಾವಣೆಗೆ ಮುಂಬಯಿ ಪ್ರಾಂತದಲ್ಲಿ ಸಂಚಿತ ಮತದಾನದ ಪದ್ಧತಿ ಗೊತ್ತಾಯಿತು. ಅಂಬೇಡಕರರು ಅದರ ಹಿಂದಿನ ವರುಷವೇ ಸ್ವತಂತ್ರ ಮಜೂರ ಪಕ್ಷವನ್ನು ಕಟ್ಟಿದ್ದರು. ತಾವು ಮುಂಬಯಿಯ ಭಾಯಖಳಾ–ಪರೇಲ ಕ್ಷೇತ್ರದಿಂದ ನಿಂತರು. ಕಾಂಗ್ರೆಸ್ಸಿನ ಪರವಾಗಿ ಎದುರು ನಿಂತವರು ಪಾಲ್ವಣಕರ ಬಾಳೂ, ಆ ಕಾಲದ ಹೆಸರಾಂತ ಕ್ರಿಕೆಟ್ ಬೌಲರ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಸ್ಪೃಶ್ಯತೆಯ ಅಪಮಾನವನ್ನು ಆಟದ ಮೈದಾನದಲ್ಲಿಯೂ ಉಂಡು, ಅದನ್ನು ಮೀರಿ ನಿಂತ ಮನುಷ್ಯ. ಬಾಳೂ ಅವರಿಗೆ ೧೧,೨೨೫ ಮತಗಳು ಬಂದವು, ಅಂಬೇಡಕರರಿಗೆ ೧೩,೨೪೫. ಹೊಸ ಪಕ್ಷದ ಬಹುಪಾಲು ಅಭ್ಯರ್ಥಿಗಳು ಗೆದ್ದರು. ಬೆಳಗಾವಿ ಜಿಲ್ಲೆಯಿಂದ ಆ ಪಕ್ಷದ ಬಳವಂತ ಹಣಮಂತ ವರಾಳೆಯವರು ಆರಿಸಿಬಂದರು. ನೆಲೆಗೊಂಡ ಪಕ್ಷದ ಬಲವಿಲ್ಲದೆ, ಹಣವಿಲ್ಲದೆ ಈ ಜಯ ಬಂದುದಕ್ಕೆ ಕಾರ್ಯಕರ್ತರ ಶ್ರಮವೇ ಮುಖ್ಯ ಕಾರಣ. ಆ ಶ್ರಮ ವ್ಯರ್ಥವಾಗದಂತೆ ಮತಗಳನ್ನು ಒಂದೆಡೆ ಕೂಡಿಸಲು ನಿಯಮವೂ ಎಡೆಕೊಟ್ಟಿತ್ತು.

ಮುಂದಿನ ಒಂಬತ್ತು ವರುಷಗಳಲ್ಲಿ ಬಹಳ ಬದಲಾವಣೆಗಳಾದವು. ೧೯೪೨ರಲ್ಲಿ ಅಂಬೇಡಕರರು ಪರಿಶಿಷ್ಟ ಜಾತಿಗಳ ಒಕ್ಕೂಟವನ್ನು ಸ್ಥಾಪಿಸಿದರು. ಅದೇ ವರುಷ ವೈಸರಾಯರ ಕಾರ್ಯಕಾರಿ ಮಂಡಲದಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ೧೯೪೬ರ ಪ್ರಾಂತೀಯ ಚುನಾವಣೆಯಲ್ಲಿ ಒಕ್ಕೂಟ ನೆಲಕಚ್ಚಿತು. ಮುಂಬಯಿ ಶಾಸನಸಭೆಯಲ್ಲಿ ಅದಕ್ಕೆ ಒಂದು ಸ್ಥಾನವೂ ಸಿಗಲಿಲ್ಲ. ಸಂವಿಧಾನ ಸಭೆಗೆ ಸದಸ್ಯರನ್ನು ಆರಿಸುವವರು ಪ್ರಾಂತಗಳ ಶಾಸಕರು. ಹೀಗಾಗಿ ಮುಂಬಯಿಯಿಂದ ಅವರು ಹೋಗುವಂತಿರಲಿಲ್ಲ. ಬಂಗಾಲದಲ್ಲಿ ಜೋಗೇಂದ್ರನಾಥ ಮಂಡಲರು ಅವರಿಗಾಗಿ ಮತ ಕೂಡಿಸಿದರು. ಆ ಚುನಾವಣೆ ಪ್ರಮಾಣಾನುಗುಣ ಪ್ರಾತಿನಿಧ್ಯದ ಪದ್ಧತಿಯಲ್ಲಿ ನಡೆಯಿತು: ಶಾಸಕರು ತಮ್ಮ ಇಷ್ಟವನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸುವ ಪದ್ಧತಿ. ಅದರಲ್ಲಿ ಕೆಲವೇ ಶಾಸಕರು ಒಬ್ಬನ ಹಿಂದೆ ಗಟ್ಟಿಯಾಗಿ ನಿಂತರೆ ಸಾಕು, ಅವನು ಗೆಲ್ಲುತ್ತಾನೆ. ಅಂಬೇಡಕರರು ಗೆದ್ದರು. ಚಿಕ್ಕ ಗುಂಪು ತನ್ನ ಬಲವನ್ನು ಒಂದೆಡೆ ಇಡಲು ಅವಕಾಶವಿದ್ದಲ್ಲಿ ಅವರಿಗೆ ಬಾಗಿಲು ತೆರೆಯಿತೆಂಬುದಕ್ಕೆ ಇದು ಎರಡನೆಯ ನಿದರ್ಶನ. ದೇಶ ಇಬ್ಭಾಗವಾದಾಗ ಬಂಗಾಲದ ಆ ಸ್ಥಾನ ಹೋಯಿತು. ಆಗ, ೧೯೪೭ರ ಜುಲೈಯಲ್ಲಿ, ಕಾಂಗ್ರೆಸ್ಸೇ ಮುಂದಾಗಿ ಅವರನ್ನು ಮುಂಬಯಿಯಿಂದ ಆರಿಸಿ ಕಳಿಸಿತು. ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಗಳಾಗಿ ಅವರು ಅಧಿಕಾರ ವಹಿಸಿಕೊಂಡರು.

ಇಲ್ಲಿಂದ ಮುಂದಿನ ಕಥೆಯಲ್ಲಿ ವಿಧಿಯ ವ್ಯಂಗ್ಯವಿದೆ. ಸಂವಿಧಾನವು ಪ್ರಾಪ್ತ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಮೀಸಲು ಸ್ಥಾನಗಳನ್ನು ಉಳಿಸಿತು. ಪ್ರತ್ಯೇಕ ಮತದಾರರ ಗುಂಪನ್ನು ಕೈಬಿಟ್ಟಿತು. ಪುಣೆ ಒಪ್ಪಂದದ ಮೊದಲ ಹಂತದ ಆಯ್ಕೆಯೂ ಹೋಯಿತು. ಚುನಾವಣೆ ನಡೆಸುವ ಬಗೆಯನ್ನು ವಿವರಿಸುವ ಪ್ರಜಾಪ್ರಾತಿನಿಧ್ಯ ಕಾನೂನು ೧೯೫೧ರಲ್ಲಿ ಅಂಗೀಕಾರವಾಯಿತು. ಒಂದಕ್ಕಿಂತ ಹೆಚ್ಚು ಸದಸ್ಯರ ಕ್ಷೇತ್ರದಲ್ಲಿ ಮತದಾರನು ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಮತ ಕೊಡಕೂಡದೆಂದು ಅದರ ೬೩ನೆಯ ಕಲಮು ವಿಧಿಸಿತು. ಸಂಚಿತ ಮತದಾನದ ಬಾಗಿಲು ಅಲ್ಲಿಗೆ ಮುಚ್ಚಿತು. ಆ ಮಸೂದೆಯನ್ನು ಸಂಸತ್ತಿನ ಮುಂದಿಟ್ಟು ನಡೆಸಿದವರು ಕಾನೂನು ಮಂತ್ರಿ ಅಂಬೇಡಕರರೇ. ಮಂತ್ರಿಯೊಬ್ಬನು ತರುವ ಮಸೂದೆ ಇಡೀ ಮಂತ್ರಿಮಂಡಲದ್ದು ಎಂಬುದನ್ನು ನಾನು ಬಲ್ಲೆ. ಆದರೂ ೧೯೩೭ರಲ್ಲಿ ತಮ್ಮ ಕೈಗೆ ಬಲ ಕೊಟ್ಟ ಸಾಧನವನ್ನು ಕೆಳಗಿಡುವ ಕಾನೂನಿಗೆ ಅವರೇ ವಕೀಲರಾಗಬೇಕಾದ ಆ ಗಳಿಗೆ ನನ್ನನ್ನು ಬಹಳ ಕಾಡಿದೆ. ಅದೇ ವರುಷ ಸೆಪ್ಟೆಂಬರಿನಲ್ಲಿ, ಹಿಂದೂ ಸಂಹಿತೆಯ ಮಸೂದೆಗೆ ಆದ ಗತಿಯಿಂದ ನೊಂದು, ಅವರು ರಾಜೀನಾಮೆ ಕೊಟ್ಟು ಹೊರಬಂದರು.

ಮೊದಲ ಲೋಕಸಭೆಗೆ ೪೮೯ ಸ್ಥಾನಗಳು, ೪೦೧ ಕ್ಷೇತ್ರಗಳು. ಅವುಗಳಲ್ಲಿ ೩೧೪ ಕ್ಷೇತ್ರಗಳು ಒಬ್ಬೊಬ್ಬ ಸದಸ್ಯರವು, ೮೬ ಇಬ್ಬಿಬ್ಬರವು, ಬಂಗಾಲದ ಒಂದು ಮಾತ್ರ ಮೂವರದು. ನಮ್ಮ ಜಿಲ್ಲೆಯ ಬೆಳಗಾವಿ ಉತ್ತರ, ಬೆಳಗಾವಿ ದಕ್ಷಿಣ ಎರಡೂ ಒಬ್ಬೊಬ್ಬ ಸದಸ್ಯರ ಕ್ಷೇತ್ರಗಳು. ಉತ್ತರದಿಂದ ಬಳವಂತ ನಾಗೇಶ ದಾತಾರರೂ ದಕ್ಷಿಣದಿಂದ ಶಂಕರಗೌಡ ವೀರನಗೌಡ ಪಾಟೀಲರೂ ಆರಿಸಿಬಂದರು. ನಮ್ಮ ಮತದಾರನ ಕೈಗೆ ಲೋಕಸಭೆಗೆಂದು ಬಂದುದು ಒಂದೇ ಚೀಟಿ. ಮೈಸೂರು ರಾಜ್ಯದಲ್ಲಿ ಕೋಲಾರ, ಮೈಸೂರು ಇವೆರಡು ದ್ವಿಸದಸ್ಯ ಕ್ಷೇತ್ರಗಳಾಗಿದ್ದವು. ಮೈಸೂರಿನ ಮತದಾರರು ಸಾಮಾನ್ಯ ಸ್ಥಾನಕ್ಕೆ ಕಿಸಾನ್ ಮಜದೂರ್ ಪ್ರಜಾ ಪಕ್ಷದ ಎಂ. ಎಸ್. ಗುರುಪಾದಸ್ವಾಮಿಯವರನ್ನೂ ಮೀಸಲು ಸ್ಥಾನಕ್ಕೆ ಕಾಂಗ್ರೆಸ್ಸಿನ ಎನ್. ರಾಚಯ್ಯನವರನ್ನೂ ಆರಿಸಿದರು. ಎರಡು ಮತವುಳ್ಳ ಮತದಾರ ಎರಡನ್ನೂ ಒಂದೇ ಪಕ್ಷಕ್ಕೆ ಕೊಡುತ್ತಾನೆಂಬ ಭರವಸೆ ಯಾರಿಗೂ ಇರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಅಂಬೇಡಕರರು ಮುಂಬಯಿ ನಗರ ಉತ್ತರ ಎಂಬ ದ್ವಿಸದಸ್ಯ ಕ್ಷೇತ್ರದ ಮೀಸಲು ಸ್ಥಾನಕ್ಕೆ ನಿಂತರು. ಒಕ್ಕೂಟಕ್ಕೂ ಸಮಾಜವಾದಿ ಪಕ್ಷಕ್ಕೂ ಹೊಂದಾಣಿಕೆಯಾಗಿತ್ತು; ಸಾಮಾನ್ಯ ಸ್ಥಾನಕ್ಕೆ ಅಶೋಕ ಮೆಹತಾ. ಕಾಂಗ್ರೆಸ್ಸಿನಿಂದ ವಿಠ್ಠಲ ಬಾಲಕೃಷ್ಣ ಗಾಂಧಿ ಮತ್ತು ನಾರಾಯಣ ಸದೋಬಾ ಕಾಜರೋಳಕರ. ಕಮ್ಯುನಿಸ್ಟರಿಂದ ಶ್ರೀಪಾದ ಅಮೃತ ಡಾಂಗೆ. ಆಗಿನ ಮತದಾನದಲ್ಲಿ ಚೀಟಿಯ ಮೇಲೆ ಗುರುತು ಹಾಕುವ ಪದ್ಧತಿ ಇರಲಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ದ್ವಿಸದಸ್ಯ ಕ್ಷೇತ್ರದಲ್ಲಿ ಮತದಾರನಿಗೆ ಎರಡು ಚೀಟಿ ಕೊಡುತ್ತಿದ್ದರು. ಅವನು ಅವುಗಳನ್ನು ಎರಡು ಪೆಟ್ಟಿಗೆಗಳಲ್ಲಿ ಹಾಕಬೇಕು. ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಹಾಕಿದರೆ ಎರಡನೆಯದು ತಿರಸ್ಕೃತ. ಓದುಬರಹ ಬಾರದ ಗಿರಣಿಯ ಕೂಲಿಗಾರನೊಬ್ಬ ಆನೆಯ ಚಿತ್ರದ ಮುಂದೆ ನಿಂತಿರುವುದನ್ನು ನಾನು ಕಲ್ಪಿಸಿಕೊಳ್ಳುತ್ತೇನೆ. ಆನೆ ಅವನ ನಾಯಕನ ಪೆಟ್ಟಿಗೆ. ಕೈಯಲ್ಲಿ ಎರಡು ಚೀಟಿ. ಇನ್ನೊಂದನ್ನು ಮರದ ಚಿತ್ರದ ಪೆಟ್ಟಿಗೆಗೆ ಹಾಕಬೇಕೆಂದು ಕಾರ್ಯಕರ್ತರು ಹೇಳಿಕೊಟ್ಟಿದ್ದಾರೆ. ತನ್ನವನಿಗೇ ಎರಡನ್ನೂ ಏಕೆ ಕೊಡಬಾರದೆಂದು ಅವನಿಗೆ ಅನಿಸಿದ್ದರೆ ಅದು ಅಜ್ಞಾನವೆನ್ನುವಂತಿಲ್ಲ. ಹದಿನೈದು ವರುಷದ ಹಿಂದೆ ಇದೇ ಬೀದಿಗಳಲ್ಲಿ ಹಾಗೆ ಕೊಡುವುದು ನ್ಯಾಯಸಮ್ಮತವಾಗಿತ್ತು.

೧೯೫೨ರ ಜನವರಿಯಲ್ಲಿ ಫಲಿತಾಂಶ ಹೊರಬಿತ್ತು. ಅಂಬೇಡಕರರಿಗೆ ೧,೨೩,೫೭೬ ಮತಗಳು. ಕಾಜರೋಳಕರರು ಹದಿನಾಲ್ಕು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಮುಂದಿದ್ದರು. ಸಾಮಾನ್ಯ ಸ್ಥಾನವೂ ಕಾಂಗ್ರೆಸ್ಸಿಗೇ ಹೋಯಿತು. ತಿರಸ್ಕೃತವಾದ ಚೀಟಿಗಳು ಎಪ್ಪತ್ತು ಸಾವಿರವನ್ನು ಮೀರಿದ್ದವು. ಅಂಬೇಡಕರರೂ ಅಶೋಕ ಮೆಹತಾ ಅವರೂ ಕೂಡಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಿದರು. ಎರಡನೆಯ ಮತವನ್ನು ಹಾಳುಮಾಡುವಂತೆ ಮತದಾರರಿಗೆ ಪ್ರಚಾರ ಮಾಡಲಾಯಿತೆಂಬುದು ಅದರ ಮುಖ್ಯ ಆರೋಪ. ಅರ್ಜಿ ಫಲಿಸಲಿಲ್ಲ. ಹಾಳಾದ ಆ ಚೀಟಿಗಳೆಲ್ಲ ಎಣಿಕೆಗೆ ಬಂದಿದ್ದರೆ ಅವರು ಗೆಲ್ಲುತ್ತಿದ್ದರೆಂದು ಹೇಳಲು ನನಗೆ ಧೈರ್ಯವಿಲ್ಲ. ಕಾಂಗ್ರೆಸ್ಸಿನ ಅಲೆ ಆಗ ದೇಶವನ್ನೇ ತುಂಬಿತ್ತು. ಆದರೆ ಅಂತರಕ್ಕಿಂತ ತಿರಸ್ಕೃತ ಚೀಟಿಗಳು ಹಲವು ಪಟ್ಟು ಹೆಚ್ಚಾಗಿದ್ದ ಚುನಾವಣೆಯನ್ನು ಬರಿಯ ಜನಾಭಿಪ್ರಾಯದ ತೀರ್ಪೆಂದು ಮುಗಿಸಿಬಿಡುವುದೂ ಸರಿಯಲ್ಲ.

ಅದೇ ವರುಷ ಮುಂಬಯಿ ಶಾಸಕರು ಅವರನ್ನು ರಾಜ್ಯಸಭೆಗೆ ಆರಿಸಿದರು. ಅಲ್ಲಿಯೂ ಪ್ರಮಾಣಾನುಗುಣ ಪ್ರಾತಿನಿಧ್ಯದ ಪದ್ಧತಿಯೇ. ಅಲ್ಪಸಂಖ್ಯಾತರು ಬಲವನ್ನು ಒಂದೆಡೆ ಕೂಡಿಸಬಹುದಾದ ಪದ್ಧತಿ. ಆದರೂ ಜನರಿಂದ ನೇರವಾಗಿ ಆರಿಸಿಬರಬೇಕೆಂಬ ಹಂಬಲ ಅವರನ್ನು ಬಿಡಲಿಲ್ಲ. ೧೯೫೪ರ ಮೇ ತಿಂಗಳಲ್ಲಿ ಭಂಡಾರಾ ಕ್ಷೇತ್ರದ ಉಪಚುನಾವಣೆಗೆ ನಿಂತರು. ಅದೂ ದ್ವಿಸದಸ್ಯ ಕ್ಷೇತ್ರ. ಎರಡನೆಯ ಮತವನ್ನು ಯಾರಿಗೂ ಕೊಡದೆ ಬಿಟ್ಟುಬಿಡೋಣವೆಂದು ಕೆಲವು ಕಾರ್ಯಕರ್ತರು ಸೂಚಿಸಿದರೆಂದೂ, ಸಂವಿಧಾನವನ್ನು ಬರೆದವನು ಮತವನ್ನು ವ್ಯರ್ಥಮಾಡೆಂದು ಹೇಳಲಾರನೆಂಬ ಭಾವದಿಂದ ಅವರು ಅದನ್ನು ತಳ್ಳಿಹಾಕಿದರೆಂದೂ ಅವರ ಅನುಯಾಯಿಗಳಲ್ಲಿ ಹೇಳಿಕೊಂಡು ಬಂದಿದ್ದಾರೆ. ಸಾಮಾನ್ಯ ಸ್ಥಾನ ಅಶೋಕ ಮೆಹತಾ ಅವರಿಗೆ ದಕ್ಕಿತು. ಮೀಸಲು ಸ್ಥಾನ ಕಾಂಗ್ರೆಸ್ಸಿನ ಬೋರಕರರಿಗೆ. ಅಂಬೇಡಕರರು ಸುಮಾರು ಎಂಟು ಸಾವಿರ ಮತಗಳಿಂದ ಸೋತರು. ಅದು ಅವರ ಕೊನೆಯ ಚುನಾವಣೆ.

ಸೋತವನು ನಿಯಮವನ್ನು ಹಳಿಯುವುದು ಸುಲಭ. ಅಂಬೇಡಕರರು ಹಳಿದು ಸುಮ್ಮನಾಗಲಿಲ್ಲ, ಮತ್ತೆ ಆಲೋಚನೆಗೆ ಕುಳಿತರು. ೧೯೫೫ರಲ್ಲಿ ಭಾಷಾವಾರು ರಾಜ್ಯಗಳನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದರು. ನಮ್ಮಂಥ ಗಡಿನಾಡಿನವರು ಅದನ್ನು ಓದಬೇಕು. ಭಾಷೆಯ ಆಧಾರದ ಮೇಲೆ ರಾಜ್ಯಗಳಾದಾಗ ಪ್ರತಿಯೊಂದರಲ್ಲಿಯೂ ಒಂದೆರಡು ದೊಡ್ಡ ಸಮುದಾಯಗಳು ಮೇಲುಗೈಯಾಗಿ ಚಿಕ್ಕವು ನುಗ್ಗಾಗುವ ಅಪಾಯವನ್ನು ಅವರು ಅಲ್ಲಿ ಎತ್ತಿ ತೋರಿಸಿದರು.  ಅದಕ್ಕೆ ಪರಿಹಾರವಾಗಿ ಸೂಚಿಸಿದ್ದು ಇಬ್ಬರು ಮೂವರು ಸದಸ್ಯರ ಕ್ಷೇತ್ರಗಳನ್ನೂ ಅವುಗಳಲ್ಲಿ ಸಂಚಿತ ಮತದಾನವನ್ನೂ. ಪ್ರತ್ಯೇಕ ಮತದಾರರ ಗುಂಪಿನ ಹಳೆಯ ಬೇಡಿಕೆಗೆ ಹಿಂದಿರುಗದೆ, ಎಲ್ಲರೂ ಒಂದೇ ಕ್ಷೇತ್ರದಲ್ಲಿ ನಿಂತೂ ಚಿಕ್ಕವರು ಉಳಿಯುವ ದಾರಿಯನ್ನು ತಮ್ಮ ಅನುಭವದಿಂದಲೇ ಅವರು ಹೊರತೆಗೆದಿದ್ದರು. ಮರುವರುಷ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದರು; ಡಿಸೆಂಬರ್ ೬ರಂದು ದಿಲ್ಲಿಯಲ್ಲಿ ತೀರಿಕೊಂಡರು.

ಅವರು ಹೋದ ಕೆಲವೇ ತಿಂಗಳಲ್ಲಿ ೧೯೫೭ರ ಚುನಾವಣೆ ಬಂತು. ಮುಂಬಯಿ ನಗರ ಮಧ್ಯ ಎಂಬ ದ್ವಿಸದಸ್ಯ ಕ್ಷೇತ್ರದಿಂದ ಡಾಂಗೆಯವರೂ ಒಕ್ಕೂಟದ ಗೋಪಾಳ ಕಾಳೂಜಿ ಮಾನೆಯವರೂ ಜೊತೆಯಾಗಿ ಗೆದ್ದರು. ಸಂಯುಕ್ತ ಮಹಾರಾಷ್ಟ್ರದ ಚಳವಳಿ ಹಿಂದಿನ ಎದುರಾಳಿಗಳನ್ನು ಕೂಡಿಸಿತ್ತು. ನಮ್ಮ ಚಿಕ್ಕೋಡಿಯಿಂದ ಒಕ್ಕೂಟದ ದತ್ತಾ ಅಪ್ಪಾ ಕಟ್ಟಿಯವರು ಲೋಕಸಭೆಗೆ ಹೋದರು. ನಾಯಕನಿಗೆ ದೊರೆಯದ ಸ್ಥಾನ ಅನುಯಾಯಿಗಳಿಗೆ ದೊರೆಯಿತು.

ದ್ವಿಸದಸ್ಯ ಕ್ಷೇತ್ರಗಳ ಆಯುಸ್ಸು ಅಲ್ಲಿಗೆ ಮುಗಿಯುತ್ತ ಬಂದಿತ್ತು. ಅದೇ ಚುನಾವಣೆಯಲ್ಲಿ ಆಂಧ್ರದ ಪಾರ್ವತೀಪುರಂ ಕ್ಷೇತ್ರದ ಎರಡೂ ಸ್ಥಾನಗಳನ್ನು ಪರಿಶಿಷ್ಟ ಬುಡಕಟ್ಟಿನವರೇ ಗೆದ್ದರು. ಸೋತವರು ಮುಂದೆ ಮೈಸೂರು ರಾಜ್ಯದ ರಾಜ್ಯಪಾಲರೂ ಆಮೇಲೆ ರಾಷ್ಟ್ರಪತಿಗಳೂ ಆದ ವಿ. ವಿ. ಗಿರಿ. ಸಾಮಾನ್ಯ ಸ್ಥಾನವೆಂದರೆ ಎಲ್ಲರಿಗೂ ತೆರೆದ ಸ್ಥಾನ, ಹೆಚ್ಚು ಮತ ಬಂದವರು ಯಾರೇ ಆಗಿರಲಿ ಅದು ಅವರಿಗೆ ಸಲ್ಲುವುದೆಂದು ೧೯೫೯ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ೧೯೬೧ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದುಮಾಡಿತು. ಕ್ಷೇತ್ರಗಳು ತೀರ ದೊಡ್ಡವು, ಖರ್ಚು ಹೆಚ್ಚು, ಮತದಾರನಿಗೆ ಗೊಂದಲ ಎಂಬ ಕಾರಣಗಳು ಸುಳ್ಳಾಗಿರಲಿಲ್ಲ. ಗಟ್ಟಿಯಾದ ಸಾಮಾನ್ಯ ಅಭ್ಯರ್ಥಿಗಳಿಗೆ ತಮ್ಮ ಸ್ಥಾನದ ಚಿಂತೆ ಹತ್ತಿದ್ದೂ ಸುಳ್ಳಲ್ಲ.

೧೯೬೨ರಿಂದ ದೇಶದಲ್ಲೆಲ್ಲ ಒಂದು ಕ್ಷೇತ್ರ, ಒಬ್ಬ ಸದಸ್ಯ, ಒಂದು ಮತ. ೨೦೦೮ರ ಕ್ಷೇತ್ರ ವಿಂಗಡಣೆಯ ಪ್ರಕಾರ ಖಾನಾಪುರ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿದೆ, ಕೋಟೆಯಿರುವ ಊರು ಬೆಳಗಾವಿ ಕ್ಷೇತ್ರದಲ್ಲಿದೆ. ಗೆರೆಗಳು ಆಚೆ ಈಚೆ ಸರಿಯುತ್ತಲೇ ಇರುತ್ತವೆ. ಗೆರೆಯ ಯಾವ ಕಡೆಯಲ್ಲಿದ್ದರೂ ಎಣಿಕೆಯಲ್ಲಿ ಕಡಿಮೆಯಾಗುವ ಜನರು ಕೇರಿಯಲ್ಲಿ, ಹಟ್ಟಿಯಲ್ಲಿ, ಗಡಿಯ ಹಳ್ಳಿಗಳಲ್ಲಿ ಇದ್ದೇ ಇದ್ದಾರೆ. ಅವರು ತಮಗೆ ಬೇಕಾದವನನ್ನು ಹೇಗೆ ಆರಿಸಿ ಕಳಿಸಬೇಕೆಂದು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅಂಬೇಡಕರರು ಕೇಳಿದರು. ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ಎರಡು ಸೋಲುಗಳನ್ನು ಉಂಡ ಮೇಲೆ, ಒಂದು ಉತ್ತರವನ್ನೂ ಬರೆದಿಟ್ಟರು. ಆ ಉತ್ತರವನ್ನು ಒಪ್ಪುವುದೂ ಬಿಡುವುದೂ ನಮಗೆ ಸೇರಿದ್ದು. ಓದಿ, ಲೆಕ್ಕ ಹಾಕಿ ನೋಡಿದ ಮೇಲೆ ಅದನ್ನು ನಿರ್ಧರಿಸಬೇಕೆಂದು ಮಾತ್ರ ನನ್ನ ವಿದ್ಯಾರ್ಥಿ ಮಿತ್ರರಲ್ಲಿ ಬಿನ್ನಹ.